ಕಿನ್ನಿಕುದ್ರುವಿನ ದೋಣಿ

ಮಾಣಿ
6 ಅಕ್ಟೋಬರ್ 2024

ಹರ್ಷಿತಾಳಿಗೆ,

ನಾನು ಕಾಗದ ಬರೆಯುವವನಲ್ಲ ಅಂತ ನಿನಗೆ ಗೊತ್ತು. ಪಂಪು ರಿಪೇರಿಯ ಬಿಲ್ಲು ಬರೆದು ಬರೆದು ನನ್ನ ಅಕ್ಷರವೂ ಬಿಲ್ಲಿನ ಹಾಗೇ ಆಗಿದೆ. ಫೋನ್ ಮಾಡಬಾರದು, ಹೇಳುವುದಿದ್ದರೆ ಬರೆದು ಹೇಳಲಿ ಎಂದು ನೀನು ಬೆಳ್ತಂಗಡಿಯ ಅಕ್ಕನ ಹತ್ತಿರ ಹೇಳಿ ಕಳಿಸಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ಶಶಿಪ್ರಭಕ್ಕ ನನ್ನ ಸ್ವಂತ ಅಕ್ಕನಾದರೂ ಈ ವಿಷಯದಲ್ಲಿ ನಿನ್ನ ಪಕ್ಷ. ಇರಲಿ.

ಪ್ರಾಪ್ತಿಗೆ ಬರುವ ಜೂನಿಗೆ ಐದನೇ ಕ್ಲಾಸು. ಮಾಣಿಯ ಶಾಲೆಯೋ ಮೂಡುಬಿದಿರೆಯ ಶಾಲೆಯೋ, ಮಾರ್ಚ್ ಒಳಗೆ ಹೇಳುತ್ತೇನೆ ಎಂದಿದ್ದೀಯಂತೆ. ಅಂದರೆ ನೀವಿಬ್ಬರೂ ಮನೆಗೆ ಬರುತ್ತೀರೋ ಇಲ್ಲವೋ ಎನ್ನುವುದೂ ಅದರಲ್ಲೇ ಬಂತು. ನೀನು ಹೋಗಿ ಎರಡು ವರ್ಷ ಆಯಿತು. ಈ ಎರಡು ವರ್ಷದಲ್ಲಿ ನಾವು ಮೂವರು ಒಂದು ಕಡೆ ಕೂತು ಊಟ ಮಾಡಿಲ್ಲ. ಅಕ್ಕನ ಮನೆಯಲ್ಲಿ ಭಾನುವಾರ ಪ್ರಾಪ್ತಿಯನ್ನು ನೋಡುತ್ತೇನೆ. ನಾನು ಬರುವ ಹೊತ್ತಿಗೆ ನೀನು ಬಸ್‌ಸ್ಟ್ಯಾಂಡಿನಲ್ಲಿ ಇರುತ್ತೀ.

ಹಾಗಾಗಿ ಒಂದು ಯೋಚನೆ ಮಾಡಿದ್ದೇನೆ. ಉಡುಪಿಯ ಆಚೆ, ಹೊಳೆ ಹೋಗಿ ಸಮುದ್ರಕ್ಕೆ ಸೇರುವಲ್ಲಿ, ಐದಾರು ಸಣ್ಣ ಸಣ್ಣ ಕುದ್ರುಗಳಿವೆ, ಸುತ್ತ ನೀರಿರುವ ದ್ವೀಪಗಳು. ಕೊನೆಯದು ಕಿನ್ನಿಕುದ್ರು. ಅಲ್ಲಿ ರುಕ್ಮಯ್ಯ ಎನ್ನುವವರು ಎರಡು ಕೋಣೆಯ ಮನೆ ಕಟ್ಟಿ ಬಂದವರಿಗೆ ಕೊಡುತ್ತಾರೆ. ಅವರ ಪಂಪು ರಿಪೇರಿಗೆ ಹೋದಾಗ ನೋಡಿದೆ. ಲಕ್ಷದ್ವೀಪ ಎಲ್ಲ ನಮಗೆ ದೂರ ಆಯಿತು, ಇದು ನಮ್ಮದೇ. ಅಂಗಳದಲ್ಲಿ ಕೂತರೆ ಮರಳು ದಿಬ್ಬದ ಆಚೆ ಸಮುದ್ರ ಕಾಣುತ್ತದೆ. ಹೊಳೆಯ ಚಿಪ್ಪು ಮರುವಾಯಿ ಹೆಕ್ಕಿ ಸುಕ್ಕ ಮಾಡಿ ಕೊಡುತ್ತಾರೆ. ಟಿ.ವಿ. ಇಲ್ಲ, ಫೋನಿಗೆ ಸಿಗ್ನಲ್ಲೂ ಇಲ್ಲ. ಸಂಜೆ ದೋಣಿಯವರು ಹೋದರೆ ಮತ್ತೆ ಬೆಳಿಗ್ಗೆವರೆಗೆ ಒಬ್ಬ ನರಪಿಳ್ಳೆ ಬರುವುದಿಲ್ಲ. ನಾವು ಮೂವರೇ. ಆರಾಮವಾಗಿ ಎರಡು ದಿನ ಇದ್ದು ಬರುವ. ಆಮೇಲೆ ನೀನು ಏನು ಹೇಳಿದರೂ ಸರಿ.

ಅಮ್ಮ ನಿನ್ನನ್ನು ಕೇಳುತ್ತಾ ಇರುತ್ತಾರೆ.

ವಸಂತ

&nbsp;

ಮೂಡುಬಿದಿರೆ
15 ಅಕ್ಟೋಬರ್ 2024

ಪ್ರಾಪ್ತಿಯ ಪಪ್ಪನಿಗೆ,

ನಿಮ್ಮ ಕಾಗದ ತಲುಪಿತು. ಹಾಸ್ಟೆಲಿನ ಹುಡುಗಿಯರು ಕೋರ್ಟಿನ ನೋಟೀಸು ಎಂದುಕೊಂಡು ಹೆದರಿ ಹೆದರಿ ತಂದುಕೊಟ್ಟರು. ನನ್ನಂಥ ವಾರ್ಡನ್ ಮೇಡಮ್ಮಿಗೂ ಹೀಗೆಲ್ಲ ಬರುತ್ತದೆ ಎಂದು ಅವರಿಗೆ ಒಳಗೊಳಗೇ ಖುಷಿ.

ಫೋನ್ ಬೇಡ ಎಂದದ್ದು ಸಿಟ್ಟಿನಿಂದಲ್ಲ. ಫೋನಿನಲ್ಲಿ ನಿಮ್ಮ ಸ್ವರ ಮೊದಲು ಬರುತ್ತದೆ, ಮಾತು ಆಮೇಲೆ. ಸ್ವರ ಕೇಳಿದ ಕೂಡಲೇ ನನಗೆ ಮಾತು ಕೇಳಿಸುವುದೇ ಇಲ್ಲ. ಕಾಗದವಾದರೆ ಓದಿ, ಮಡಚಿಟ್ಟು, ಸಾರಿಗೆ ಒಗ್ಗರಣೆ ಹಾಕಿ, ಮತ್ತೆ ಬಂದು ಓದಬಹುದು.

ಹಾಗೆಯೇ ಓದಿದೆ. ಮರುವಾಯಿ ಸುಕ್ಕ ಒಳ್ಳೆಯದೇ. ಸಮುದ್ರವೂ ಒಳ್ಳೆಯದೇ. ಆದರೆ "ಸಂಜೆ ದೋಣಿಯವರು ಹೋದರೆ ಬೆಳಿಗ್ಗೆವರೆಗೆ ಯಾರೂ ಬರುವುದಿಲ್ಲ" ಎಂದು ಬರೆದಿದ್ದೀರಲ್ಲ, ಅಲ್ಲಿಂದ ಮುಂದೆ ನನಗೆ ಓದಲು ಆಗಲಿಲ್ಲ. ನೀವು ಅದನ್ನು ಸಂತೋಷಕ್ಕೆ ಬರೆದದ್ದು ಎಂದು ಗೊತ್ತು. ಅದೇ ನನಗೆ ಹೆಚ್ಚು ಹೆದರಿಕೆ.

ನಾನು ಹೊರಟ ದಿನ ಏನಾಯಿತು ಎಂದು ನಾವಿಬ್ಬರೂ ಒಮ್ಮೆಯೂ ಮಾತಾಡಿಲ್ಲ. ನಿಮಗೆ ಹಂಡೆ ಎತ್ತಿ ಎಸೆದದ್ದು ನೆನಪಿರಬಹುದು. ನನಗೆ ಹಂಡೆ ದೊಡ್ಡದಲ್ಲ. ನೀವು ಎದುರಿನ ಬಾಗಿಲಿಗೆ ಬೀಗ ಹಾಕಿ ಬೀಗದಕೈಯನ್ನು ಕಿಸೆಗೆ ಹಾಕಿದಿರಿ. "ಮಾತು ಮುಗಿಯುವವರೆಗೆ ಇಲ್ಲಿಂದ ಯಾರೂ ಹೋಗುವ ಹಾಗಿಲ್ಲ" ಎಂದಿರಿ. ಆಗ ನಿಮ್ಮ ಕೈ ನೋಡುತ್ತಾ ನಿಂತಿದ್ದೆ, ಅದು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು. ಅತ್ತೆ ಹಿತ್ತಿಲ ಬಾಗಿಲು ತೆಗೆಯದೇ ಇದ್ದಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ. ಬಹುಶಃ ಏನೂ ಆಗುತ್ತಿರಲಿಲ್ಲ. ಆದರೆ ನಾನು ಪ್ರಾಪ್ತಿಯನ್ನು ಬರಿಗಾಲಲ್ಲಿ ಎಳೆದುಕೊಂಡು ಮಾಣಿ ಜಂಕ್ಷನ್ನಿಗೆ ಓಡಿದೆ. ಬಿ.ಸಿ. ರೋಡಿನ ಬಸ್ಸು ನಿಂತಿತ್ತು. ಆ ಬಸ್ಸು ಇದ್ದುದರಿಂದ ಸಿದ್ಧಕಟ್ಟೆಯ ಅಪ್ಪನ ಮನೆ ತಲುಪಿದೆ.

ಮಾಣಿಯಲ್ಲಿ ಬಸ್ಸಾದರೂ ಇತ್ತು. ನಿಮ್ಮ ಕಿನ್ನಿಕುದ್ರುವಿನಲ್ಲಿ ಏನುಂಟು?

ಹಾಗಾಗಿ ಬರಲು ಆಗುವುದಿಲ್ಲ. ಅತ್ತೆಗೆ ನನ್ನ ನಮಸ್ಕಾರ ಹೇಳಿ. ಮಂಡಿನೋವಿನ ಎಣ್ಣೆ ಅಕ್ಕನ ಮನೆಯಲ್ಲಿ ಕೊಟ್ಟಿದ್ದೇನೆ.

ಹರ್ಷಿತಾ

&nbsp;

ಮಾಣಿ
20 ಅಕ್ಟೋಬರ್ 2024

ಹರ್ಷಿತಾ,

ಒಳ್ಳೆಯದಾಯಿತು. ನಾನು ರಾಕ್ಷಸ ಅಂತ ಕಾಗದದಲ್ಲೂ ಬಂತಲ್ಲ.

ಎರಡು ದಿನ ಹೆಂಡತಿ ಮಗಳನ್ನು ಕರೆದುಕೊಂಡು ಹೋಗುವ ಎಂದರೆ ಅದಕ್ಕೂ ಹಳೆಯ ಹಂಡೆ, ಹಳೆಯ ಬೀಗ. ಊರಿನವರೆಲ್ಲ ಹೋಗುತ್ತಾರೆ, ಫೋಟೋ ಹಾಕುತ್ತಾರೆ. ಅವರ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವುದೇ ಇಲ್ಲವಾ? ನನ್ನ ಅಪ್ಪ ದಿನಾ ಜೋರು ಮಾಡುತ್ತಿದ್ದರು, ಅಮ್ಮ ಎಲ್ಲಿಗೂ ಓಡಿ ಹೋಗಲಿಲ್ಲ.

ಇದಕ್ಕಿಂತ ಹೆಚ್ಚು ಬರೆದರೆ ಸರಿಯಾಗುವುದಿಲ್ಲ. ಇದಕ್ಕೆ ಮೊದಲು ಬರೆದದ್ದನ್ನು ಹರಿದು ಹಾಕಿದ್ದೇನೆ, ಅದು ಇನ್ನೂ ಕೆಟ್ಟದಿತ್ತು.

ದೋಣಿಯೇ ತೊಂದರೆ ಎಂದಾದರೆ ದೋಣಿ ಇಡಿಸುವ. ಅದೇನು ದೊಡ್ಡ ವಿಷಯ?

ವಸಂತ

&nbsp;

ಬೆಳ್ತಂಗಡಿ
24 ನವೆಂಬರ್ 2024

ಪ್ರೀತಿಯ ಹರ್ಷಿತಾ,

ನಿನ್ನೆ ಹೊಲಿಗೆ ಅಂಗಡಿಯಲ್ಲಿ ರಷ್ ಇರಲಿಲ್ಲ, ಹಾಗಾಗಿ ಬರೆಯಲು ಕೂತೆ. ಇವತ್ತು ಮುಗಿಸುತ್ತಿದ್ದೇನೆ. ಪ್ರಾಪ್ತಿಯ ಲಂಗ ಆಗಿದೆ, ಮಡಿಕೆ ಜಾಸ್ತಿ ಬಿಟ್ಟಿದ್ದೇನೆ, ಇನ್ನೊಂದು ವರ್ಷ ಬರುತ್ತದೆ.

ವಸಂತ ನಿನಗೆ ಎಂಥ ಕಾಗದ ಬರೆದ ಎಂದು ಅವನೇ ಬಂದು ಹೇಳಿದ. ಹೇಳುವಾಗ ಮುಖ ಎತ್ತಲಿಲ್ಲ. ನಾನು ಬೈದೆ. ಅಮ್ಮ ಎಲ್ಲಿಗೂ ಓಡಿ ಹೋಗಲಿಲ್ಲ ಎಂದು ಬರೆದಿದ್ದಾನಲ್ಲ, ಅಮ್ಮನಿಗೆ ಓಡಲು ಯಾವ ಬಸ್ಸು ಇತ್ತು ಎಂದು ಕೇಳಿದೆ. ಅವನ ಜೊತೆ ಬಂದ ಅಮ್ಮ ಅಲ್ಲೇ ಕೂತು ವೀಳ್ಯ ಹಾಕುತ್ತಿದ್ದರು.  ಅವರೇ ಅಲ್ಲವಾ ನಿನಗೆ ಹಿತ್ತಿಲ ಬಾಗಿಲು ತೆಗೆದದ್ದು.

ಅವನು ಆ ಕುದ್ರುವಿಗೆ ಹೋಗಿ ರುಕ್ಮಯ್ಯನ ಹತ್ತಿರ ಮಾತಾಡಿ ಬಂದಿದ್ದಾನೆ. ನೀವಿರುವ ಎರಡು ದಿನ ಒಂದು ಸಣ್ಣ ದೋಣಿ ನಿನ್ನ ಕೈಯಲ್ಲೇ ಇರಬೇಕು ಎಂದು ಕೇಳಿದನಂತೆ. ಯಾಕೆ ಎಂದು ಅವರು ಕೇಳಿದ್ದಕ್ಕೆ, "ನನ್ನ ಹೆಂಡತಿಗೆ ನನ್ನ ಮೇಲೆ ಧೈರ್ಯ ಇಲ್ಲ" ಎಂದು ಹೇಳಿದನಂತೆ. ನನ್ನ ತಮ್ಮ ಹೊರಗಿನವರ ಎದುರು ಅಂಥ ಮಾತು ಹೇಳುವವನಲ್ಲ. ಕೇಳಿ ನನಗೇ ಆಶ್ಚರ್ಯ ಆಯಿತು.

ಅವನು ಬದಲಾಗಿದ್ದಾನೆ ಎಂದು ನಾನು ಹೇಳುವುದಿಲ್ಲ. ಈ ಎರಡು ವರ್ಷ ಮನೆಯಲ್ಲಿ ಏನನ್ನೂ ಎಸೆದಿಲ್ಲ. ಎಸೆಯಲು ಎದುರಿಗೆ ಯಾರೂ ಇರಲಿಲ್ಲ ಎಂದೋ, ನಿಜವಾಗಿ ಬಿಟ್ಟಿದ್ದಾನೋ, ನನಗೆ ಗೊತ್ತಿಲ್ಲ. ಅದು ಗೊತ್ತಾಗುವುದು ನಿನಗೆ ಮಾತ್ರ. ಅದಕ್ಕೆ ನೀನು ಹೋಗಲೇಬೇಕು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಹೋಗುವುದಾದರೆ ದೋಣಿ ಬಿಡಲು ಕಲಿತುಕೊಂಡು ಹೋಗು. ಒಂದು ಭಾನುವಾರ ನಾನೂ ಬರುತ್ತೇನೆ, ಇಬ್ಬರೂ ಕಲಿಯುವ.

ನಿನ್ನ
ಶಶಿಪ್ರಭಕ್ಕ

&nbsp;

ಮೂಡುಬಿದಿರೆ
23 ಡಿಸೆಂಬರ್ 2024

ಪ್ರಾಪ್ತಿಯ ಪಪ್ಪನಿಗೆ,

ಅಕ್ಟೋಬರಿನ ನಿಮ್ಮ ಕಾಗದಕ್ಕೆ ಉತ್ತರ ಬರೆಯುವುದಿಲ್ಲ ಎಂದುಕೊಂಡಿದ್ದೆ. ಈಗಲೂ ಅದಕ್ಕೆ ಬರೆಯುತ್ತಿಲ್ಲ. ರುಕ್ಮಯ್ಯನವರ ಹತ್ತಿರ ನೀವು ಹೇಳಿದ ಮಾತಿಗೆ ಬರೆಯುತ್ತಿದ್ದೇನೆ.

ನಾನೂ ಅಕ್ಕನೂ ಎರಡು ಭಾನುವಾರ ಕುದ್ರುವಿಗೆ ಹೋಗಿ ಬಂದೆವು. ಅಕ್ಕ ಮೊದಲ ದಿನವೇ ನೀರಿಗೆ ಬಿದ್ದು, ಇನ್ನು ತನಗೆ ಹೊಲಿಗೆ ಮೆಷಿನ್ನೇ ಸಾಕು ಎಂದು ದಡದಲ್ಲಿ ಕೂತರು. ನನಗೆ ಬಂತು. ಬಿದಿರಿನ ಗಳವನ್ನು ಕೆಸರಿಗೆ ಊರಿ, ಮೈಭಾರ ಹಾಕಿ ತಳ್ಳಬೇಕು. ಎದುರಿನ ದೊಡ್ಡ ಕುದ್ರುವಿನಲ್ಲಿ ರುಕ್ಮಯ್ಯನವರ ಮನೆಯುಂಟು, ಅಲ್ಲಿವರೆಗೆ ಒಬ್ಬಳೇ ಹೋಗಿ ಬಂದೆ. ಅಂಗೈಯೆಲ್ಲ ಗುಳ್ಳೆ. ಹಾಸ್ಟೆಲಿನಲ್ಲಿ ಹುಡುಗಿಯರು ಕೇಳಿದ್ದಕ್ಕೆ ತೆಂಗಿನಕಾಯಿ ಸುಲಿದದ್ದು ಎಂದೆ.

ಈಗ ಬರುತ್ತೇನೆ ಎನ್ನಲು ಆಗುತ್ತದೆ. ಆದರೆ ಆ ದೋಣಿ ನನ್ನದು. ಅದನ್ನು ಕಟ್ಟುವವಳೂ ಬಿಚ್ಚುವವಳೂ ನಾನೇ. ನೀವು ಅದರ ಹಗ್ಗ ಮುಟ್ಟಬಾರದು. ಸಹಾಯಕ್ಕೆಂದೂ ಮುಟ್ಟಬಾರದು, ತಮಾಷೆಗೂ ಮುಟ್ಟಬಾರದು. ಅದನ್ನು ಹೇಗೆ ಕಟ್ಟಬೇಕು ಎಂದು ನನಗೆ ಹೇಳಿಕೊಡಲೂ ಬಾರದು. ಈ ಮಾತು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಮದುವೆಯಾದ ಗಂಡಹೆಂಡತಿ ಇಂಥದ್ದನ್ನೆಲ್ಲ ಬರೆದುಕೊಳ್ಳಬೇಕಾ ಎಂದು ಅನಿಸುತ್ತದೆ. ಆದರೆ ದೋಣಿ ಇದ್ದರೆ ನಾನು ಅಲ್ಲಿ ಕೂತು ಊಟ ಮಾಡಬಲ್ಲೆ. ಇಲ್ಲದಿದ್ದರೆ ಇಲ್ಲ.

ನೀವು ಈ ಒಂದು ಮಾತನ್ನು ಉಳಿಸಿಕೊಂಡರೆ, ಮಾರ್ಚಿನಲ್ಲಿ ನಾನು ಶಾಲೆಯ ವಿಷಯ ಬೇರೆ ರೀತಿ ಯೋಚಿಸಲೂಬಹುದು. ಇದನ್ನು ಆಸೆ ತೋರಿಸಲು ಬರೆದದ್ದಲ್ಲ. ನನಗೂ ಮನೆ ನೆನಪಾಗುತ್ತದೆ.

ಹರ್ಷಿತಾ

&nbsp;

ಮಾಣಿ
5 ಜನವರಿ 2025

ಪ್ರೀತಿಯ ಹರ್ಷಿತಾಳಿಗೆ,

ಆಯಿತು. ಹಗ್ಗ ಮುಟ್ಟುವುದಿಲ್ಲ. ಹಗ್ಗದ ವಿಷಯ ಬಾಯಿಯೂ ಬಿಡುವುದಿಲ್ಲ.

ನಿನ್ನ ಕಾಗದ ಓದಿದಾಗ ಮೊದಲು ಸಿಟ್ಟೇ ಬಂತು. ಸುಳ್ಳು ಹೇಳಿ ಪ್ರಯೋಜನ ಇಲ್ಲ. ವರ್ಕ್‌ಶಾಪಿನ ಹಿಂದೆ ಹೋಗಿ ಒಂದು ಹಳೆ ಮೋಟರ್ ಪೂರ್ತಿ ಬಿಚ್ಚಿ ಪುನಃ ಜೋಡಿಸಿದೆ. ಅದು ಓಡಲಿಲ್ಲ. ಆದರೆ ನನ್ನ ತಲೆ ಸ್ವಲ್ಪ ಸರಿಯಾಯಿತು. ಆಮೇಲೆ ಕೊನೆಯ ಸಾಲು ಓದಿದೆ. ಆ ಸಾಲನ್ನು ಎಷ್ಟು ಸಲ ಓದಿದೆ ಎಂದು ಹೇಳಿದರೆ ನೀನು ನಗುತ್ತೀ.

ಫೆಬ್ರವರಿಯ ಎರಡನೇ ಶನಿವಾರ ಆಗಬಹುದಾ? ಪ್ರಾಪ್ತಿಗೆ ರಜೆ ಇರುತ್ತದೆ. ಅವಳಿಗೆ ನೀರಿನಲ್ಲಿ ಹಾಕಿಕೊಳ್ಳುವ ಜಾಕೆಟ್ ತಂದಿದ್ದೇನೆ, ಕಿತ್ತಳೆ ಬಣ್ಣದ್ದು. ಮೂಡುಬಿದಿರೆಗೆ ಬಂದು ಬೈಕಿನಲ್ಲಿ ಕರೆದುಕೊಂಡು ಹೋಗಲಾ, ಇಲ್ಲ ನೀವು ಬಸ್ಸಿನಲ್ಲಿ ಬರುತ್ತೀರಾ? ನಿನಗೆ ಹೇಗೆ ಸರಿಯೋ ಹಾಗೆ. ಅಮ್ಮ ನಿನಗೆಂದು ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾರೆ. ಕುದ್ರುವಿನಲ್ಲಿ ಹಪ್ಪಳ ಯಾಕೆ ಎಂದರೆ ಕೇಳುವುದಿಲ್ಲ.

ವಸಂತ

&nbsp;

ಮೂಡುಬಿದಿರೆ
27 ಜನವರಿ 2025

ಪ್ರಾಪ್ತಿಯ ಪಪ್ಪನಿಗೆ,

ಎರಡನೇ ಶನಿವಾರ ಆಗಬಹುದು. ನಾವು ಬಸ್ಸಿನಲ್ಲೇ ಬರುತ್ತೇವೆ, ದೋಣಿಕಟ್ಟೆಯಲ್ಲಿ ಸಿಗುವ.

ಪ್ರಾಪ್ತಿ ಈಗಿಂದಲೇ ಹೊರಟಿದ್ದಾಳೆ. ತನ್ನ ನೀಲಿ ಚೀಲ ತುಂಬಿ ಮಂಚದ ಕೆಳಗೆ ಇಟ್ಟುಕೊಂಡಿದ್ದಾಳೆ. ಏನು ತುಂಬಿದ್ದಿ ತೋರಿಸು ಎಂದರೆ ತೋರಿಸುವುದಿಲ್ಲ. ಹಗಲು ಹತ್ತು ಸಲ ಎಳೆದು, ಜಿಪ್ ಸರಿಯಿದೆಯಾ ನೋಡಿ, ಪುನಃ ಒಳಗೆ ತಳ್ಳುತ್ತಾಳೆ. ಹೀಗೆ ಪ್ರವಾಸಕ್ಕೆ ಕಾಯುವುದನ್ನು ನೋಡಿದರೆ, ಇಷ್ಟು ದಿನ ಬೇಡ ಬೇಡ ಎಂದದ್ದೇ ತಪ್ಪಾಯಿತೇನೋ ಎಂದು ಅನಿಸುತ್ತದೆ.

ಅತ್ತೆಯ ಹಪ್ಪಳ ತನ್ನಿ. ಹುರಿಯಲು ಎಣ್ಣೆ ನಾನು ತರುತ್ತೇನೆ.

ಹರ್ಷಿತಾ

&nbsp;

ಮಾಣಿ
12 ಫೆಬ್ರವರಿ 2025

ಹರ್ಷಿತಾ,

ದೋಣಿ ನಾನು ಬಿಟ್ಟದ್ದಲ್ಲ. ಮೊದಲು ಇದನ್ನು ಬರೆಯುತ್ತೇನೆ, ಬೇರೆಲ್ಲ ಆಮೇಲೆ.

ಭಾನುವಾರ ಬೆಳಿಗ್ಗೆ ನೀನು ಒಂದೂ ಮಾತಾಡದೆ ಪ್ರಾಪ್ತಿಯನ್ನು ಕರೆದುಕೊಂಡು ಬಸ್ಸು ಹತ್ತಿದೆ. ಅಲ್ಲಿ ಏನಾಯಿತು ಎಂದು ಮೊದಲಿನಿಂದ ಬರೆಯುತ್ತೇನೆ. ಎಲ್ಲಿಯಾದರೂ ಸುಳ್ಳು ಕಂಡರೆ ಗೀಟು ಹಾಕಿ ವಾಪಸು ಕಳಿಸು.

ಶನಿವಾರ ಮಧ್ಯಾಹ್ನ ನಾವು ತಲುಪುವಾಗ ನೀರು ಇಳಿದಿತ್ತು. ರುಕ್ಮಯ್ಯ ನಿನಗೆ ದೋಣಿ ಒಪ್ಪಿಸಿ, "ತೆಂಗಿನ ಮರಕ್ಕೆ ಕಟ್ಟಿ ಅಮ್ಮ, ಅದೇ ಒಳ್ಳೆಯದು" ಎಂದು ಹೇಳಿ ಹೋದರು. ನೀನು ಆ ಮರದ ಹತ್ತಿರ ನಿಂತು ಮನೆಯ ಕಡೆ ನೋಡಿದೆ. ಜಗಲಿಯಿಂದ ಆ ಮರ ಕಾಣುವುದಿಲ್ಲ. ಮತ್ತೆ ಕೆಳಗೆ ಬಂದು, ಮೆಟ್ಟಿಲ ಎದುರು ಕೆಸರಿನಲ್ಲಿ ಊರಿದ ಗೂಟಕ್ಕೆ ಕಟ್ಟಿದೆ. ಮರಕ್ಕೇ ಕಟ್ಟು ಎಂದು ನನಗೆ ಬಾಯಿಗೆ ಬಂತು. ಹಗ್ಗದ ವಿಷಯ ಮಾತಾಡುವುದಿಲ್ಲ ಎಂದು ಬರೆದುಕೊಟ್ಟಿದ್ದೆನಲ್ಲ. ನುಂಗಿದೆ.

ಆಮೇಲೆ ಊಟ ಮಾಡಿದೆವು. ನೀನು ಹಪ್ಪಳ ಹುರಿದೆ. ಪ್ರಾಪ್ತಿ ಮರುವಾಯಿಯ ಚಿಪ್ಪುಗಳನ್ನು ಸಾಲಾಗಿ ಜೋಡಿಸಿದಳು. ನೀನು ಒಮ್ಮೆ ನಕ್ಕೆ, ಅಕ್ಕ ನೀರಿಗೆ ಬಿದ್ದದ್ದನ್ನು ಹೇಳುವಾಗ. ಇನ್ನು ಎಲ್ಲ ಸರಿಯಾಯಿತು ಎಂದು ನಾನು ಅಂದುಕೊಂಡೆ. ಸಮುದ್ರದ ಗಾಳಿಗೆ ಜಗಲಿಯಲ್ಲೇ ಮೂವರಿಗೂ ನಿದ್ದೆ ಬಂತು. ನನ್ನ ಜೀವನದಲ್ಲಿ ಅಷ್ಟು ಒಳ್ಳೆಯ ನಿದ್ದೆ ಮಾಡಿದ್ದು ನೆನಪಿಲ್ಲ.

ಎದ್ದಾಗ ಸೂರ್ಯ ಮುಳುಗುತ್ತಿದ್ದ. ನೀನು ಮೆಟ್ಟಿಲ ಮೇಲೆ ನಿಂತಿದ್ದೆ. ನೀರು ಕೊನೆಯ ಮೆಟ್ಟಿಲವರೆಗೆ ಬಂದಿತ್ತು. ದೋಣಿ ಇರಲಿಲ್ಲ. ನೀನು ತಿರುಗಿ ನನ್ನ ಕೈ ನೋಡಿ, "ನೀವೇ ಬಿಟ್ಟದ್ದು" ಎಂದೆ.

ನಾನು ಜೋರು ಮಾಡಲಿಲ್ಲ. ಮಾಡಿದೆನಾ? "ನಾನಲ್ಲ" ಎಂದೆ. ಒಂದೇ ಸಲ. ಮತ್ತೆ ಹೇಳಿದರೆ ಸ್ವರ ಏರುತ್ತದೆ ಎಂದು ನನಗೇ ಗೊತ್ತಿತ್ತು. ಈಜು ಬಾರದಿದ್ದರೂ ನೀರಿಗೆ ಇಳಿದು ಎದೆಮಟ್ಟದವರೆಗೆ ಹೋಗಿ ಹುಡುಕಿದೆ. ಎಲ್ಲಿಯೂ ಕಾಣಲಿಲ್ಲ. ನೀವಿಬ್ಬರೂ ಒಳಗೆ ಮಲಗಿ ಚಿಲಕ ಹಾಕಿಕೊಳ್ಳಿ ಎಂದು ಹೇಳಿ, ನಾನು ಬೆಳಗಾಗುವವರೆಗೆ ಆ ತೆಂಗಿನ ಮರದ ಬುಡದಲ್ಲಿ ಕೂತೆ. ಬೆಳಿಗ್ಗೆ ರುಕ್ಮಯ್ಯ ನಿನ್ನ ದೋಣಿಯನ್ನು ತಮ್ಮದಕ್ಕೆ ಕಟ್ಟಿಕೊಂಡು ಬಂದರು. ಪಕ್ಕದ ಕುದ್ರುವಿನಲ್ಲಿ ನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಎಡೆಯಲ್ಲಿ ಸಿಕ್ಕಿತಂತೆ. ನೀನು ಆ ಹಗ್ಗವನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದೆ.

ನನ್ನನ್ನು ಎಲ್ಲದಕ್ಕೂ ಬೈ. ಹಂಡೆಗೆ ಬೈ, ಬೀಗಕ್ಕೆ ಬೈ. ಆದರೆ ಈ ಒಂದು ವಿಷಯದಲ್ಲಿ ನನ್ನನ್ನು ನಂಬಿದ್ದೇನೆ ಎಂದು ಬರೆದು ಕಳಿಸು. ಉಳಿದದ್ದು ಆಮೇಲೆ ನೋಡುವ.

ವಸಂತ

&nbsp;

ಮೂಡುಬಿದಿರೆ
22 ಫೆಬ್ರವರಿ 2025

ವಸಂತ ಅವರಿಗೆ,

ಗೀಟು ಹಾಕುವಂಥದ್ದು ಏನೂ ಇಲ್ಲ. ನೀವು ಬರೆದದ್ದೆಲ್ಲ ನಿಜ.

ದೋಣಿ ನೀವು ಬಿಟ್ಟದ್ದಲ್ಲ. ಹೀಗೆ ಬರೆದುಕೊಡಲು ಕೇಳಿದ್ದೀರಿ, ಬರೆದುಕೊಟ್ಟಿದ್ದೇನೆ. ಇದು ನಂಬಿಕೆಯ ಮಾತಲ್ಲ, ನನಗೆ ಗೊತ್ತಾದ ಮಾತು. ರುಕ್ಮಯ್ಯನವರು ದೋಣಿ ತಂದಾಗ ಹಗ್ಗದ ತುದಿಯ ಕುಣಿಕೆ ಹಾಗೇ ಇತ್ತು. ನಾನು ಹಾಕಿದ ಗಂಟು, ಬಿಚ್ಚಿರಲಿಲ್ಲ. ಸಿದ್ಧಕಟ್ಟೆಯಲ್ಲಿ ಅಪ್ಪ ಕರು ಕಟ್ಟಲು ಹೇಳಿಕೊಟ್ಟ ಗಂಟು ಅದು. ಗೂಟಕ್ಕೆ ಸಡಿಲವಾಗಿ ಕುಣಿಕೆ ಹಾಕಬೇಕು, ಕರು ಸುತ್ತ ತಿರುಗಿ ಮೇಯುತ್ತದೆ, ಹಗ್ಗ ಸುತ್ತಿಕೊಳ್ಳುವುದಿಲ್ಲ. ಕರು ಕಟ್ಟುವ ಗೂಟ ರಾತ್ರಿಯೂ ಅಲ್ಲೇ ಇರುತ್ತದೆ, ಬೆಳಿಗ್ಗೆಯೂ ಅಷ್ಟೇ ಎತ್ತರ ಇರುತ್ತದೆ. ನಾನು ಗುಡ್ಡದ ಮೇಲಿನ ಊರಿನವಳು. ನೀರು ಏರಿದಾಗ ಗೂಟ ಮುಳುಗುತ್ತದೆ, ಕುಣಿಕೆ ತೇಲಿ ಅದರ ತಲೆಯಿಂದ ಕಳಚಿ ಬರುತ್ತದೆ ಎಂದು ನನ್ನ ತಲೆಗೆ ಹೊಳೆಯಲಿಲ್ಲ. ಭಾನುವಾರ ಬೆಳಿಗ್ಗೆ ಪುನಃ ಏರಿದ ಭರತದ ನೀರಿನಲ್ಲಿ ಆ ಗೂಟ ಕಾಣುತ್ತಲೇ ಇರಲಿಲ್ಲ. ಆಗ ಎಲ್ಲ ಅರ್ಥವಾಯಿತು.

ಅಲ್ಲಿಯೇ ನಿಮಗೆ ಹೇಳಬೇಕಿತ್ತು. ಹೇಳಲು ಆಗಲಿಲ್ಲ. ಹೇಳದೆ ಬಸ್ಸು ಹತ್ತಿದ್ದಕ್ಕೂ, ಆ ಮಾತು ಅಂದದ್ದಕ್ಕೂ ಕ್ಷಮಿಸಿ. ಮರಕ್ಕೇ ಕಟ್ಟಿದ್ದಿದ್ದರೆ ದೋಣಿ ಇರುತ್ತಿತ್ತು. ಜಗಲಿಯಿಂದ ಕಾಣಬೇಕೆಂದು ಗೂಟಕ್ಕೆ ಕಟ್ಟಿದೆ. ಕಾವಲು ಕಾಯಲು ಹೋಗಿ ನಾನೇ ಕಳೆದುಕೊಂಡೆ.

ನೀವು ಜೋರು ಮಾಡಲಿಲ್ಲ. ನಾನು ಕಾಯುತ್ತಿದ್ದೆ, ಈಗ ಬರುತ್ತದೆ, ಈಗ ಬರುತ್ತದೆ ಎಂದು. ಬರಲಿಲ್ಲ. ಆ ತೆಂಗಿನ ಮರದ ಬುಡದಲ್ಲಿ ನೀವು ಚಳಿಗೆ ಮುದುಡಿ ಕೂತದ್ದನ್ನು ಕೋಣೆಯ ಆಚೆ ಬದಿಯ ಕಿಟಕಿಯಿಂದ ನೋಡಿದೆ. ಒಂದು ಶಾಲು ತಂದುಕೊಡಬೇಕು ಎಂದು ಮನಸ್ಸಾಯಿತು. ಆದರೆ ಕೈ ಚಿಲಕ ತೆಗೆಯಲಿಲ್ಲ. ನಿಮ್ಮ ಮೇಲೆ ಕರುಣೆಯೂ ಹೆದರಿಕೆಯೂ ಒಟ್ಟಿಗೇ ಬಂದರೆ ನಾನು ಏನು ಮಾಡಲಿ?

ಈಗ ನಾನು ಬರೆಯಬೇಕಾದದ್ದು ಪ್ರಾಪ್ತಿಯ ವಿಷಯ.

ನಾನು ಮೆಟ್ಟಿಲ ಮೇಲೆ ನಿಂತು ನಿಮಗೆ ಆ ಮಾತು ಹೇಳಿ ಹಿಂದೆ ತಿರುಗಿದಾಗ ಅವಳು ಜಗಲಿಯಲ್ಲಿ ನಿಂತಿದ್ದಳು. ಚಪ್ಪಲಿ ಹಾಕಿಕೊಂಡು, ಪಟ್ಟಿ ಬಿಗಿದುಕೊಂಡು. ಆ ನೀಲಿ ಚೀಲ ಹೆಗಲಲ್ಲಿ. ಒಂದು ನಿಮಿಷದ ಮೊದಲು ನಿದ್ದೆಯಲ್ಲಿದ್ದ ಮಗು. ಹೊರಡು ಎಂದು ಯಾರೂ ಹೇಳಿರಲಿಲ್ಲ. ಅವಳು ಅಳುತ್ತಿರಲಿಲ್ಲ, ನೀರನ್ನೂ ನೋಡುತ್ತಿರಲಿಲ್ಲ. ನಾನು ನೋಡುವ ಹಾಗೆ ನಿಮ್ಮ ಕೈಯನ್ನೇ ನೋಡುತ್ತಿದ್ದಳು.

ಮನೆಗೆ ಬಂದ ಮೇಲೆ ಚೀಲ ಬಿಚ್ಚಿಸಿದೆ. ಕುದ್ರುವಿಗೆ ಬೇಕಾದದ್ದು ಅದರಲ್ಲಿ ಒಂದೂ ಇರಲಿಲ್ಲ. ಶಾಲೆಯ ಯೂನಿಫಾರ್ಮು, ಕನ್ನಡ ಪುಸ್ತಕ, ನನ್ನ ಹಾಸ್ಟೆಲಿನ ಗುರುತುಚೀಟಿ, ಬಸ್ಸಿಗೆಂದು ಚಿಲ್ಲರೆ. ಇದನ್ನೆಲ್ಲ ಯಾಕೆ ತುಂಬಿದ್ದು ಎಂದು ಕೇಳಿದೆ. "ಹೋದ ಸಲ ಎಲ್ಲ ಅಲ್ಲೇ ಬಿಟ್ಟು ಬಂದೆವಲ್ಲಮ್ಮ, ಚಪ್ಪಲಿ ಕೂಡ" ಎಂದಳು. ನಾನು ಅದನ್ನು ಪ್ರವಾಸದ ಖುಷಿ ಎಂದು ನಿಮಗೆ ಬರೆದಿದ್ದೆ.

ನೀವು ಮಾತು ಉಳಿಸಿಕೊಂಡಿರಿ. ಉಳಿಸಿಕೊಂಡರೆ ಬೇರೆ ರೀತಿ ಯೋಚಿಸುತ್ತೇನೆ ಎಂದಿದ್ದೆ, ಯೋಚಿಸಿದೆ. ನಾನೊಬ್ಬಳೇ ಆಗಿದ್ದರೆ ಬಂದುಬಿಡುತ್ತಿದ್ದೆನೋ ಏನೋ. ಆದರೆ ಆ ಮನೆಗೆ ಬಂದರೆ ಅವಳು ದಿನಾ ಮಂಚದ ಕೆಳಗೆ ಚೀಲ ಇಟ್ಟುಕೊಂಡು ಮಲಗುತ್ತಾಳೆ. ಅದಕ್ಕೆ ನಾನು ಒಪ್ಪಲಾರೆ. ಪ್ರಾಪ್ತಿ ಮೂಡುಬಿದಿರೆಯಲ್ಲೇ ಐದನೇ ಕ್ಲಾಸಿಗೆ ಸೇರುತ್ತಾಳೆ. ನಾನು ಇಲ್ಲೇ ಇರುತ್ತೇನೆ. ಶಾಲೆಯಲ್ಲಿ ಅಪ್ಪನ ಸಹಿ ಬೇಕಂತೆ, ಅರ್ಜಿ ಇದರೊಟ್ಟಿಗೆ ಇಟ್ಟಿದ್ದೇನೆ.

ಇದು ನಿಮ್ಮ ಮೇಲಿನ ಸಿಟ್ಟಿನಿಂದ ಅಲ್ಲ. ಸಿಟ್ಟಿದ್ದರೆ ನನಗೂ ಸುಲಭ ಆಗುತ್ತಿತ್ತು.

ಹರ್ಷಿತಾ

&nbsp;

ಮಾಣಿ
16 ಮಾರ್ಚ್ 2025

ಪ್ರೀತಿಯ ಹರ್ಷಿತಾಳಿಗೆ,

ಅರ್ಜಿಗೆ ಸಹಿ ಹಾಕಿದ್ದೇನೆ. ತಡವಾಯಿತು. ಎರಡು ವಾರ ಅದು ವರ್ಕ್‌ಶಾಪಿನ ಮೇಜಿನಲ್ಲೇ ಇತ್ತು. ಗ್ರೀಸಿನ ಕೈಯಲ್ಲಿ ಹಿಡಿದೆ ಎಂದು ಕಾಣುತ್ತದೆ, ಮೂಲೆಯಲ್ಲಿ ಸ್ವಲ್ಪ ಕಲೆ ಉಂಟು. ಶಾಲೆಯವರು ಏನಾದರೂ ಹೇಳಿದರೆ ಇನ್ನೊಂದು ಕಳಿಸು.

ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಮಗುವಿನ ಚೀಲದ ವಿಷಯ ಬಂದಾಗ ಸಾಕು ಎಂದು ಕೈ ಎತ್ತಿದರು. ಆಮೇಲೆ ಎದ್ದು ಅಟ್ಟದಿಂದ ಒಂದು ಪ್ಲಾಸ್ಟಿಕ್ ತೊಟ್ಟೆ ಇಳಿಸಿದರು. ಒಳಗೆ ಪ್ರಾಪ್ತಿ ಆ ದಿನ ಬಿಟ್ಟು ಹೋದ ಚಪ್ಪಲಿ, ಕೆಂಪು ಪಟ್ಟಿಯದ್ದು. ತೊಳೆದು ಇಟ್ಟಿದ್ದರು. ಈಗ ಅವಳ ಕಾಲಿಗೆ ಅರ್ಧವೂ ಹಿಡಿಯಲಿಕ್ಕಿಲ್ಲ.

ಕಿನ್ನಿಕುದ್ರುವಿನಲ್ಲಿ ನಾನೂ ಅವಳನ್ನು ನೋಡಿದ್ದೆ, ಹರ್ಷಿತಾ. ನೀರಿಗೆ ಇಳಿಯುವ ಮೊದಲು ತಿರುಗಿ ನೋಡಿದೆ. ಚಪ್ಪಲಿ ಹಾಕಿ ನಿಂತಿದ್ದಳು. ಪಪ್ಪನ ಜೊತೆ ದೋಣಿ ಹುಡುಕಲು ಹೊರಟಿದ್ದಾಳೆ ಎಂದುಕೊಂಡು, ನೀನು ಬರಬೇಡ ಮಗಾ, ನೀರು ಆಳ ಉಂಟು ಎಂದು ಹೇಳಿದೆ. ಅವಳು ತಲೆ ಆಡಿಸಿದಳು. ನನಗೆ ಎಷ್ಟು ಸಂತೋಷ ಆಯಿತು ಎಂದರೆ, ಆ ತಣ್ಣೀರಿನಲ್ಲಿ ಎದೆಮಟ್ಟ ಹೋದದ್ದೇ ಗೊತ್ತಾಗಲಿಲ್ಲ.

ಭಾನುವಾರ ಅಕ್ಕನ ಮನೆಗೆ ಎಂದಿನ ಹಾಗೆ ಕಳಿಸು. ನೀನು ಬಸ್‌ಸ್ಟ್ಯಾಂಡಿನಲ್ಲಿ ಬಿಸಿಲಿಗೆ ನಿಲ್ಲುವುದು ಬೇಡ, ಅಕ್ಕನ ಹೊಲಿಗೆ ಅಂಗಡಿಯ ಒಳಗೆ ಕೂತುಕೋ. ನಾನು ಜಗಲಿಯಲ್ಲೇ ಇರುತ್ತೇನೆ. ಅಕ್ಕನ ಮನೆಯ ಎರಡೂ ಬಾಗಿಲು ತೆರೆದಿಡಲು ಹೇಳಿದ್ದೇನೆ.

ಅವಳು ಆ ಚೀಲ ತಂದರೆ ತರಲಿ. ಹೆಗಲಲ್ಲೇ ಇಟ್ಟುಕೊಂಡು ಊಟ ಮಾಡುತ್ತೇನೆ ಎಂದರೆ ಹಾಗೆಯೇ ಮಾಡಲಿ. ಕೆಳಗಿಡು ಎಂದು ಅಕ್ಕನೂ ಹೇಳುವುದು ಬೇಡ, ನೀನೂ ಹೇಳುವುದು ಬೇಡ. ನಾನು ಕೈಯನ್ನು ಅವಳಿಗೆ ಕಾಣುವ ಹಾಗೆ ಮೊಣಕಾಲಿನ ಮೇಲೆ ಇಟ್ಟುಕೊಂಡು ಕೂತಿರುತ್ತೇನೆ. ಅವಳಾಗಿ ಇಳಿಸುವ ದಿನ ಬರುವವರೆಗೆ.

ವಸಂತ